ಆರೋಗ್ಯವಿಚಾರ: ಮನದ ಕಳವಳ, ಹೃದಯದ ಬಳಲಿಕೆ

ಹೃದಯಕ್ಕೆ ರಕ್ತವನ್ನೊದಗಿಸುವ ನಾಳವು ಕಿರಿದಾದಾಗ, ವೈದ್ಯರು ತೊಡೆಯ ಇಲ್ಲವೆ ಮಣಿಕಟ್ಟಿನ ರಕ್ತನಾಳದ ಮೂಲಕ ಸಣ್ಣ ನಳಿಕೆಯನ್ನು ಒಳಸೇರಿಸಿ, ಅದರ ತುದಿಯ ಬಲೂನನ್ನು ಉಬ್ಬಿಸಿ ದಾರಿಯನ್ನು ಅಗಲಿಸುವರು. ಅದು ಮರಳಿ ಮುಚ್ಚದಂತೆ ಸ್ಟೆಂಟ್ ಎಂಬ ಜಾಲರಿಯನ್ನೂ ಇರಿಸುವರು. 1977ರಲ್ಲಿ ಜೂರಿಚ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಮೊದಲು ನಡೆಸಿದ ಈ ಆಂಜಿಯೋಪ್ಲಾಸ್ಟಿಯು ಇಂದು ಮನೆಮನೆಗೂ ತಿಳಿದ ಮಾತು.

ಚಿಕಿತ್ಸೆಯು ಸುಸೂತ್ರವಾಗಿ ಮುಗಿದು ಮನೆಯವರು ನಿಶ್ಚಿಂತರಾದ ಮೇಲೆ, ರೋಗಿಗೆ ಪುನಃ ಎದೆನೋವೂ ಏದುಸಿರೂ ಬಂದರೆ ಏನೆಂದು ತಿಳಿಯಬೇಕು? ಜಾಲರಿಯಲ್ಲಿ ರಕ್ತವು ಹೆಪ್ಪುಗಟ್ಟಿತೇ ಎಂಬುದೇ ವೈದ್ಯರ ಮೊದಲ ಶಂಕೆ. ಅದು ಪ್ರಾಣಾಂತಿಕವಾದುದರಿಂದ ತಡಮಾಡದೆ ಪರೀಕ್ಷಿಸುವರು. ಆದರೆ ಅಪರೂಪವಾಗಿ, ನಾಳಗಳೆಲ್ಲ ತೆರೆದೇ ಇದ್ದು, ಹೃದಯದ ಎಡಭಾಗದ ಕೆಳಗೋಣೆಯ ತುದಿಯು ಕುಗ್ಗಲಾರದೆ ಉಬ್ಬಿಕೊಂಡಿರುವುದು ಕಂಡುಬರುವುದುಂಟು.

ಜಪಾನಿನ ವೈದ್ಯರು 1990ರಲ್ಲಿ ಈ ವಿಕಾರಕ್ಕೆ ಟಾಕೋಟ್ಸುಬೊ ಎಂದು ಹೆಸರಿಟ್ಟರು. ಆಕ್ಟೋಪಸ್ ಎಂಬ ಕಡಲಪ್ರಾಣಿಯನ್ನು ಹಿಡಿಯಲು ಅಲ್ಲಿಯ ಬೆಸ್ತರು ಬಳಸುವ ಮಡಕೆಯ ಹೆಸರದು. ಕಂಠ ಕಿರಿದು, ಹೊಟ್ಟೆ ದೊಡ್ಡದು. ಉಬ್ಬಿದ ಹೃದಯದ ಆಕಾರವೂ ಅಂತೆಯೇ.

ಭಯ, ಶೋಕ, ತೀವ್ರವಾದ ನೋವು, ಶಸ್ತ್ರಕ್ರಿಯೆಯ ಆಯಾಸ ಇವು ಒದಗಿದಾಗ ದೇಹದಲ್ಲಿ ಅಡ್ರಿನಲಿನ್ ಮೊದಲಾದ ರಸಗಳು ಉಕ್ಕುವುವು. ಅವು ಮಿತಿಮೀರಿದರೆ ಹೃದಯದ ಸ್ನಾಯುವು ಸ್ತಬ್ಧವಾಗುವುದೆಂದು ತಜ್ಞರ ಅಭಿಪ್ರಾಯ. ಮುಟ್ಟು ನಿಂತ ಸ್ತ್ರೀಯರಲ್ಲಿ ಇದು ಹೆಚ್ಚಾಗಿ ಕಾಣುವುದು. ಬಹುಮಂದಿಗೆ ಕೆಲವು ದಿನಗಳಲ್ಲಿ ಇಲ್ಲವೆ ವಾರಗಳಲ್ಲಿ ಹೃದಯವು ಮೊದಲಿನ ಬಲವನ್ನು ಪಡೆಯುವುದು. ಆದರೂ ಇದು ಹಗುರವಾದ ಕಾಯಿಲೆಯಲ್ಲ: ಶ್ವಾಸಕೋಶದಲ್ಲಿ ನೀರು ತುಂಬಬಹುದು, ನಾಡಿ ತಾಳತಪ್ಪಬಹುದು, ಉಬ್ಬಿದ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕೆಲವರು ಪ್ರಾಣವನ್ನೂ ಕಳೆದುಕೊಳ್ಳುವರು.

ಆದುದರಿಂದ ಗೃಹಸ್ಥರು ನೆನಪಿಡಬೇಕಾದುದು ಇಷ್ಟು. ಚಿಕಿತ್ಸೆಯಾದವರು ಎದೆನೋವೆಂದಾಗ “ಎಲ್ಲಾ ನಿನ್ನ ಹೆದರಿಕೆ, ಸುಮ್ಮನೆ ಮಲಗು” ಎಂದು ಗದರಿಸಲಾಗದು. ಹೆದರಿಕೆಯಿಂದಲೇ ಬಂದ ನೋವೂ ಸುಳ್ಳುನೋವಲ್ಲ. ಅದು ಯಾವ ಬಗೆಯದೆಂದು ಮನೆಯಲ್ಲಿ ನಿರ್ಣಯಿಸುವ ಉಪಾಯವೂ ಇಲ್ಲ. ಶುಂಠಿಕಷಾಯ ಕಾಯಿಸುತ್ತ ಕೂರದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಮನಸ್ಸಿನ ಕಾರಣದ ಕಾಯಿಲೆಯೆಂದು ತಿಳಿದ ಮಾತ್ರಕ್ಕೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಕೂಡದು.

ಇನ್ನು ರೋಗಿಯ ಮಂಚದ ಬಳಿ ಕುಳಿತು ಖರ್ಚಿನ ಲೆಕ್ಕವನ್ನೂ, ಇಂಥದೇ ಕಾಯಿಲೆಯಿಂದ ಸತ್ತವರ ಕಥೆಯನ್ನೂ ಹೇಳುವ ಬಂಧುಗಳುಂಟು. ಅವರನ್ನು ಮೆಲ್ಲಗೆ ಹೊರಜಗಲಿಗೆ ಕರೆದೊಯ್ಯುವುದೂ ಶುಶ್ರೂಷೆಯ ಒಂದು ಭಾಗವೇ ಸರಿ.