ಕಂಡದ್ದೆಲ್ಲ ಔಷಧವಲ್ಲ

ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದದ ಪಂಕ್ತಿಗೆ ಕಾಯುತ್ತಿದ್ದಾಗ ಚಿಂತಾಮಣಿ ಸೀಮೆಯ ಹಿರಿಯರೊಬ್ಬರು ನಮ್ಮ ಬಳಿ ಬಂದು ಕುಳಿತರು. ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರು. ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ವಿಚಾರಿಸಿದೆವು. ಮೊಬೈಲಿಗೆ ಬಂದ ವಿಡಿಯೊವೊಂದನ್ನು ನಂಬಿ, ಅದರಲ್ಲಿ ಹೇಳಿದ ಕಷಾಯವನ್ನು ಕುಡಿಯುತ್ತ, ವೈದ್ಯರು ಕೊಟ್ಟ ಮಾತ್ರೆಗಳನ್ನು ನಲವತ್ತು ದಿನ ಬಿಟ್ಟಿದ್ದರಂತೆ. ಗಾಯ ಮಾಯದೆ ಕೀವು ತುಂಬಿದಾಗ ಹೆದರಿ ಆಸ್ಪತ್ರೆಗೆ ಹೋಗಿದ್ದಾರೆ. ಬೆರಳು ಉಳಿದಿದೆ, ಅದು ಅವರ ಪುಣ್ಯ.

ಜೊತೆಯಲ್ಲಿ ಬಂದಿದ್ದ, ಆರನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಅದೇ ವಿಡಿಯೊವನ್ನು ನಮಗೆ ತೋರಿಸಿದಳು. ಮುಗಿಯುವ ಹೊತ್ತಿಗೆ ಪರದೆಯ ಅಡಿಯಲ್ಲಿ ಸಣ್ಣ ಅಕ್ಷರಗಳ ಸಾಲೊಂದು ಹಾದುಹೋಯಿತು. ಹುಡುಗಿ ತಟ್ಟನೆ ಬೆರಳಿಟ್ಟು ನಿಲ್ಲಿಸಿ ಓದಿದಳು. ಇದು ಕೇವಲ ಮಾಹಿತಿಗಾಗಿ, ವೈದ್ಯರನ್ನು ಕೇಳದೆ ಅನುಸರಿಸಬಾರದು ಎಂದಿತ್ತು. “ಇದನ್ನ ನೀನು ನೋಡ್ಲೇ ಇಲ್ವಾ ತಾತ?” ಎಂದು ಕೇಳಿದಳು. “ನೋಡ್ದೆ ಕಣಮ್ಮ, ಓದೋಕೆ ಬರಬೇಕಲ್ಲ. ನನಗೆ ಬರೋದು ಸೈನು ಹಾಕೋದೊಂದೇ” ಎಂದರು ಹಿರಿಯರು. ಆ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ.

ಆರೋಗ್ಯದ ಪುಟದಲ್ಲಿ ಓದು ಬರಹದ ಚರ್ಚೆ ಏಕೆ ಎಂದು ಸದ್ಭಕ್ತರು ಕೇಳಬಹುದು. ನಮ್ಮ ಅಭಿಪ್ರಾಯ ಇಷ್ಟೇ: ಆರೋಗ್ಯದ ಮಾತೆಲ್ಲ ಅಂಗೈಯ ಪರದೆಯ ಮೂಲಕವೇ ಮನೆಗೆ ಬರುತ್ತಿರುವ ಈ ಕಾಲದಲ್ಲಿ, ಓದಲು ಬಾರದಿರುವುದೂ ಓದಿದ್ದನ್ನು ತೂಗಿ ನೋಡಲು ಬಾರದಿರುವುದೂ ದೇಹಕ್ಕೆ ತಗಲುವ ಅಪಾಯಗಳೇ ಆಗಿವೆ. ಈ ಅಪಾಯಕ್ಕೆ ಮದ್ದನ್ನು ಅದೇ ವಿಡಿಯೊಗಳಿಂದಲೇ ತಯಾರಿಸಬಹುದು. ಆದರೆ ಒಬ್ಬರೇ ಕುಳಿತು ನೋಡುವುದನ್ನು ಬಿಟ್ಟು, ಹತ್ತು ಮಂದಿ ಕೂಡಿ ಕುಳಿತು ನೋಡಬೇಕು.

2011ರ ಜನಗಣತಿಯ ಪ್ರಕಾರ ಚಿಕ್ಕಬಳ್ಳಾಪುರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 70. ರಾಜ್ಯದ ಸರಾಸರಿ ಶೇ 75ರ ಆಸುಪಾಸಿನಲ್ಲಿತ್ತು. ಅಂದು ಅಕ್ಷರ ಬಾರದಿದ್ದವರಲ್ಲಿ ಮಹಿಳೆಯರೇ ಹೆಚ್ಚು. ಅವರ ಕೈಗೂ ಇಂದು ಮೊಬೈಲು ಬಂದಿದೆ. ಅಕ್ಷರ ಬರುವ ಮೊದಲೇ ವಿಡಿಯೊ ಬಂದುಬಿಟ್ಟಿದೆ. ಸಾಲದ್ದಕ್ಕೆ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಶಾಲೆಯ ಪುಸ್ತಕ ಕನ್ನಡ, ಔಷಧದ ಚೀಟಿ ಇಂಗ್ಲಿಷ್. ಮೂರು ಭಾಷೆಗಳ ನಡುವೆ ನಿಂತವರಿಗೆ ಚಿತ್ರ ಮತ್ತು ಧ್ವನಿಯೇ ಆಸರೆ. ಆದುದರಿಂದ ಅವರು ವಿಡಿಯೊವನ್ನು ನಂಬಿದರೆ ಅದನ್ನು ಮೂಢತನವೆಂದು ಹಳಿಯುವುದು ನ್ಯಾಯವಲ್ಲ.

ಕೊನೆಯ ಸಾಲನ್ನು ಓದದಿದ್ದರೆ ಎಂಥ ಅನಾಹುತವಾಗಬಲ್ಲದು ಎಂಬುದಕ್ಕೆ 2018ರ ಘಟನೆಗಳನ್ನು ನೆನೆಯಬೇಕು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊವೊಂದು ಆ ವರ್ಷ ಊರೂರು ಸುತ್ತಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಭೀತಿ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬರು ಅದೇ ಶಂಕೆಗೆ ಬಲಿಯಾದರು. ಅಸಲಿಗೆ ಆ ವಿಡಿಯೊ ಕಳ್ಳತನದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ತಂದೆತಾಯಿಗಳನ್ನು ಎಚ್ಚರಿಸಲು ತಯಾರಿಸಿದ ಪಾಠದ ಚಿತ್ರ ಅದು. ಅದರ ಕೊನೆಯಲ್ಲಿ ಬೈಕಿನವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಮಾತು ಬರೆದ ಫಲಕವೊಂದನ್ನು ಎತ್ತಿ ಹಿಡಿಯುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದರು. ಪಾಠವಾಗಿದ್ದದ್ದು ವಿಷವಾಯಿತು. ಆ ಜುಲೈಯಲ್ಲಿಯೇ ವಾಟ್ಸ್‌ಆ್ಯಪ್ ಸಂಸ್ಥೆಯು ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡದಂತೆ ನಮ್ಮ ದೇಶದಲ್ಲಿ ಮಿತಿ ಹಾಕಿತು. ಆದರೆ ಕಂಪನಿಯ ಮಿತಿಯಿಂದ ಮನಸ್ಸಿಗೆ ವಿವೇಕ ಬಾರದು.

ಮೂರು ವರ್ಷಗಳ ನಂತರ, ಕೊರೊನಾದ ಎರಡನೆಯ ಅಲೆಯಲ್ಲಿ, ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಉಸಿರಾಟ ಸರಿಹೋಗುತ್ತದೆಂಬ ಸಲಹೆ ನಾಡಿನಲ್ಲೆಲ್ಲ ಹರಿದಾಡಿತು. ಹಾಗೆ ಮಾಡಿಕೊಂಡ ರಾಯಚೂರು ಜಿಲ್ಲೆಯ ಸಿಂಧನೂರಿನ ಶಿಕ್ಷಕರೊಬ್ಬರು ಮೃತಪಟ್ಟ ಸುದ್ದಿ 2021ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಬಂತು. ಶಿಕ್ಷಕರೆಂದರೆ ಅಕ್ಷರಸ್ಥರು. ಆದುದರಿಂದ ಅಕ್ಷರ ಬಂದರಷ್ಟೇ ಸಾಲದು, ಯಾರು ಹೇಳಿದರು, ಯಾವ ಆಧಾರದಿಂದ ಹೇಳಿದರು ಎಂದು ಕೇಳುವ ಅಭ್ಯಾಸವೂ ಬೇಕು. ಇಂದು ಕೃತಕ ಬುದ್ಧಿಮತ್ತೆಯಿಂದ ಹೆಸರಾಂತ ವೈದ್ಯರ ಮುಖವನ್ನೂ ಧ್ವನಿಯನ್ನೂ ನಕಲು ಮಾಡಿ ಔಷಧ ಮಾರುವ ಕಾಲ ಬಂದಿದೆ. ಕಣ್ಣಾರೆ ಕಂಡೆ ಎಂಬ ಮಾತಿಗೆ ಹಿಂದೆ ಇದ್ದ ಬೆಲೆ ಈಗಿಲ್ಲ.

ಹಾಗೆಂದು ವಿಡಿಯೊವನ್ನೇ ದೂರವಿಡಬೇಕೆಂದು ನಾವು ಹೇಳುವುದಿಲ್ಲ. ದೃಶ್ಯದ ಮೂಲಕ ಹಳ್ಳಿಗೆ ಆರೋಗ್ಯದ ಅರಿವು ಮೂಡಿಸುವ ಕಾರ್ಯ ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಮೂಲಕ ಕೃಷಿ, ನೈರ್ಮಲ್ಯ, ಆರೋಗ್ಯದ ಪಾಠಗಳನ್ನು ತಲುಪಿಸಲಾಯಿತು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಊರಿಗೊಂದು ಟಿ.ವಿ., ಅದರ ಮುಂದೆ ಊರೇ ನೆರೆಯುತ್ತಿತ್ತು. ಕೂಡಿ ನೋಡುವಲ್ಲಿ ಒಂದು ಕಾವಲಿರುತ್ತದೆ. ಒಬ್ಬನಿಗೆ ತಿಳಿಯದ್ದನ್ನು ಇನ್ನೊಬ್ಬ ಬಿಡಿಸಿ ಹೇಳುತ್ತಾನೆ, ಮೂರನೆಯವನು ಹೌದೇ ಎಂದು ಕೇಳುತ್ತಾನೆ. ಇಂದು ಮನೆಮನೆಗೆ ಹತ್ತು ಪರದೆಗಳಿವೆ, ಆದರೆ ಆ ಕಾವಲು ಹೋಗಿದೆ.

ವಿಡಿಯೊದಿಂದ ಓದು ಕಲಿಸಬಹುದೆಂಬುದಕ್ಕೂ ನಮ್ಮ ದೇಶದಲ್ಲೇ ನಿದರ್ಶನವಿದೆ. ಅಹಮದಾಬಾದಿನ ಐ.ಐ.ಎಂ.ನಲ್ಲಿದ್ದ ಬ್ರಿಜ್ ಕೊಠಾರಿ ಅವರು 1996ರಲ್ಲಿ ಸರಳವಾದ ಉಪಾಯವೊಂದನ್ನು ಮುಂದಿಟ್ಟರು. ಹಾಡು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯ ಅಕ್ಷರಗಳಲ್ಲಿ ಸಾಹಿತ್ಯವನ್ನು ಪರದೆಯ ಅಡಿಯಲ್ಲಿ ತೋರಿಸುವುದು, ಹಾಡಿದ ಪದದ ಬಣ್ಣ ಆ ಕ್ಷಣದಲ್ಲೇ ಬದಲಾಗುವಂತೆ ಮಾಡುವುದು. ಮೊದಲು ಗುಜರಾತಿ ಚಿತ್ರಗೀತೆಗಳಿಗೆ, ಬಳಿಕ ದೂರದರ್ಶನದ ‘ಚಿತ್ರಹಾರ್’ ಕಾರ್ಯಕ್ರಮಕ್ಕೆ ಇದನ್ನು ಅಳವಡಿಸಲಾಯಿತು. ಬಾಯಿಪಾಠವಾದ ಹಾಡಿನ ಪದ ಕಿವಿಗೆ ಬೀಳುವಾಗಲೇ ಕಣ್ಣು ಅದರ ಅಕ್ಷರವನ್ನು ಹಿಡಿಯುತ್ತದೆ. ಓದುತ್ತಿದ್ದೇನೆಂಬ ಅಳುಕಿಲ್ಲದೆ ಓದು ಬೆಳೆಯುತ್ತದೆ. ಶಾಲೆ ಬಿಟ್ಟು ಅಕ್ಷರ ಮರೆತವರಿಗೂ, ಮನೆಯಲ್ಲಿ ತೆಲುಗಾಡುವ ಮಕ್ಕಳಿಗೂ ಕನ್ನಡದ ಓದು ಕೂಡಿಬರಲು ಇದಕ್ಕಿಂತ ಹಗುರವಾದ ದಾರಿ ಕಡಿಮೆ. ಮೊಬೈಲಿನ ಬಹುತೇಕ ವಿಡಿಯೊ ತಾಣಗಳಲ್ಲಿ ಅಡಿಬರಹ ತೋರಿಸುವ ಗುಂಡಿ ಈಗಾಗಲೇ ಇದೆ. ಅದನ್ನು ಒತ್ತುವವರು ಬೇಕು.

ನಮ್ಮ ಜಿಲ್ಲೆಗೇ ಸಂಬಂಧಿಸಿದ ಒಂದು ಪಾಠವನ್ನು ಉದಾಹರಿಸುತ್ತೇವೆ. ನಮ್ಮ ಕೊಳವೆಬಾವಿಗಳು ಸಾವಿರ ಅಡಿ ಮೀರಿ ಆಳಕ್ಕಿಳಿದಿವೆ, ಹಲವೆಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ನೀರನ್ನು ಚೆನ್ನಾಗಿ ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕುದಿಸಿದರೆ ಕ್ರಿಮಿಗಳು ಸಾಯುವುದು ನಿಜ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಈ ಒಂದು ವಿಷಯವನ್ನು ಐದು ನಿಮಿಷದ ವಿಡಿಯೊದಲ್ಲಿ ತೋರಿಸಿ, ಅಡಿಯಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ‘ಕುದಿಸಿದರೆ ಫ್ಲೋರೈಡ್ ಹೋಗದು’ ಎಂದು ಬರೆದು, ನೋಡಿದವರಿಂದ ಅದನ್ನು ಗಟ್ಟಿಯಾಗಿ ಓದಿಸಿ, ಬಳಿಕ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಬಳಿಗೆ ಕರೆದೊಯ್ದು ಅಲ್ಲಿನ ಫಲಕವನ್ನು ಓದಿಸಿದರೆ, ಓದಿನ ಪಾಠವೂ ಆರೋಗ್ಯದ ಪಾಠವೂ ಒಟ್ಟಿಗೆ ಆಗುತ್ತವೆ. ಇದೇ ಬಗೆಯಲ್ಲಿ ಮಾತ್ರೆಯ ಹಾಳೆಯ ಮೇಲಿನ ಅವಧಿ ಮುಗಿಯುವ ದಿನಾಂಕ, ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧದ ಹಾಳೆಯ ಮೇಲಿನ ಕೆಂಪು ಗೆರೆ, ಓ.ಆರ್.ಎಸ್. ಪೊಟ್ಟಣದ ಮೇಲೆ ಬರೆದ ನೀರಿನ ಅಳತೆ, ಇವುಗಳನ್ನೂ ಕಲಿಸಬಹುದು.

ವಿಡಿಯೊದಿಂದಲೇ ಮಕ್ಕಳ ಓದು ಹಾಳಾಗಿದೆ, ಅದನ್ನೇ ಗುರುವಾಗಿಸುವುದೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪ ಸುಳ್ಳಲ್ಲ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ತಿಳಿಸಿದೆ. ಊಟ ಮಾಡಿಸಲು ಮಗುವಿನ ಕೈಗೆ ಮೊಬೈಲು ಕೊಡುವ ತಾಯಂದಿರು ಇದನ್ನು ಗಮನಿಸಬೇಕು. ನಾವು ಹೇಳುತ್ತಿರುವುದು ವಾರಕ್ಕೊಮ್ಮೆ, ಅರ್ಧ ಗಂಟೆ, ಹಿರಿಯರ ಎದುರಿನಲ್ಲಿ, ನಿಲ್ಲಿಸಿ ನಿಲ್ಲಿಸಿ ನೋಡುವ ಪಾಠ. ಪುಸ್ತಕದ ಕಡೆಗೆ ಕರೆದೊಯ್ಯುವ ಮೆಟ್ಟಿಲಾಗಿ ಮಾತ್ರ ವಿಡಿಯೊ ಇರಬೇಕು.

ಇದಕ್ಕೆ ಬೇಕಾದ ಸ್ಥಳವೂ ಇದೆ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಇಂದು ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ವೆಂಬ ಅರ್ಥಪೂರ್ಣ ಹೆಸರಿದೆ. ಹಲವೆಡೆ ಕಂಪ್ಯೂಟರ್, ಟಿ.ವಿ.ಗಳೂ ಬಂದಿವೆ. ನಮ್ಮ ಭಕ್ತರಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ದಾದಿಯರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ. ಅವರು ತಿಂಗಳಿಗೊಂದು ಸಂಜೆಯನ್ನು ಇದಕ್ಕೆ ಕೊಡಲಿ. ಮಾಸಿಕ ಗೋಷ್ಠಿಯ ನಂತರ ಪ್ರಸಾದಕ್ಕೆ ಮುನ್ನ ಅರ್ಧ ಗಂಟೆಯನ್ನು ಮಠದಲ್ಲಿಯೂ ಮೀಸಲಿಡಬಹುದು. ಅಜ್ಜ ಮೊಮ್ಮಗಳು ಜೋಡಿಯಾಗಿ ಕುಳಿತರೆ ಇನ್ನೂ ಒಳ್ಳೆಯದು. ಅಕ್ಷರ ಮೊಮ್ಮಗಳದ್ದು, ಅನುಭವ ಅಜ್ಜನದ್ದು.

ಪಾಠ ಮುಗಿದ ಮೇಲೆ ಎಲ್ಲರೂ ಕೂಡಿ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಇದನ್ನು ಹೇಳಿದವರು ಯಾರು? ಯಾವಾಗ ಹೇಳಿದ್ದು? ಕೊನೆಯವರೆಗೆ ನೋಡಿದೆವೇ, ಅಡಿಯಲ್ಲಿರುವುದನ್ನು ಓದಿದೆವೇ? ಇದರಿಂದ ಯಾರಿಗೆ ಹಣ ಹೋಗುತ್ತದೆ? ಉತ್ತರ ಸಿಗದಿದ್ದರೆ ಅದನ್ನು ಇನ್ನೊಬ್ಬರಿಗೆ ಕಳುಹಿಸಬಾರದು. ಆರೋಗ್ಯದ ಸಂದೇಹವಿದ್ದರೆ 104 ಸಂಖ್ಯೆಯ ಆರೋಗ್ಯವಾಣಿಗೆ ಕರೆ ಮಾಡಬಹುದು, ಇಲ್ಲವೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬಹುದು. ಮೊಬೈಲಿನ ಮೂಲಕ ಹಣ ವಂಚನೆಯಾದರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಯಾವ ವಿಡಿಯೊ ಏನೇ ಹೇಳಲಿ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಹೀಗೆ ಕೇಳುವುದು ನಮ್ಮ ನೆಲದ ಗುಣವೇ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಯಾರೂ ಕೇವಲ ಮಾತು ಕೇಳಿ ಗೂಡು ಕೊಳ್ಳುವುದಿಲ್ಲ. ಒಂದು ಹಿಡಿ ಕೈಗೆತ್ತಿಕೊಂಡು, ಒತ್ತಿ, ಅಲುಗಿಸಿ, ಕಲೆಯಿದೆಯೇ ಎಂದು ನೋಡಿಯೇ ಬೆಲೆ ಕೂಗುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಬದುಕಿನುದ್ದಕ್ಕೂ ವಿದ್ಯಾರ್ಥಿಗಳಿಗೆ ತಿಳಿಹೇಳಿದರು. ಗೂಡಿಗೆ ತೋರುವ ಎಚ್ಚರವನ್ನು ನಮ್ಮ ದೇಹಕ್ಕೂ ತೋರಿಸೋಣ.

ಆ ದಿನ ಪ್ರಸಾದ ಮುಗಿಸಿ ಹೊರಡುವಾಗ ಹಿರಿಯರು ಮೊಮ್ಮಗಳ ಹೆಗಲು ಹಿಡಿದು ನಿಧಾನವಾಗಿ ಮೆಟ್ಟಿಲಿಳಿಯುತ್ತಿದ್ದರು. ಹೊರಬಾಗಿಲಿನ ಫಲಕದ ಮುಂದೆ ಹುಡುಗಿ ನಿಂತು, ಒಂದೊಂದೇ ಅಕ್ಷರವನ್ನು ತೋರಿಸಿ ಅವರಿಂದ ಹೇಳಿಸುತ್ತಿದ್ದಳು. ಎರಡನೆಯ ಪದಕ್ಕೆ ಅವರು ತಡವರಿಸಿದರು, ನಕ್ಕರು, ಮತ್ತೆ ಮೊದಲಿನಿಂದ ಆರಂಭಿಸಿದರು. ಅವರ ಕಾಲಿನ ಗಾಯ ಮಾಯಲೆಂದು ನಾವೆಲ್ಲರೂ ಪ್ರಾರ್ಥಿಸೋಣ. ಜೊತೆಗೆ, ನಮ್ಮ ನಮ್ಮ ಊರಿನಲ್ಲಿ ಅಂಥ ಒಬ್ಬ ಹಿರಿಯರ ಪಕ್ಕದಲ್ಲಿ ಕುಳಿತು ಕೊನೆಯ ಸಾಲಿನವರೆಗೆ ಓದಿಸುವ ಹೊಣೆಯನ್ನೂ ಹೊತ್ತುಕೊಳ್ಳೋಣ.