ಮನೆಯ ಬಂಡಿಯ ಸರಪಣಿ

ಎತ್ತಿನ ಲಾಳ ಸವೆದುದನ್ನು ಒಕ್ಕಲಿಗನು ಎತ್ತು ಕುಂಟುವುದಕ್ಕೆ ಮೊದಲೇ ತಿಳಿಯುತ್ತಾನೆ. ಪಟ್ಟಣದ ಗೃಹಸ್ಥನಾದರೋ ತನ್ನ ಮೋಟಾರು ಸೈಕಲ್ಲಿನ ಸರಪಣಿಯು ಸವೆದುದನ್ನು ಅದು ನಡುಬೀದಿಯಲ್ಲಿ ಕಡಿದ ದಿನ ತಿಳಿಯುವುದೇ ಹೆಚ್ಚು. ಬನಶಂಕರಿ, ಜಯನಗರ, ಜೆ. ಪಿ. ನಗರಗಳ ಎಷ್ಟೋ ಮನೆಗಳಲ್ಲಿ ಕಛೇರಿಗೆ ಹೋಗುವುದಕ್ಕೂ, ಮಗುವನ್ನು ಶಾಲೆಗೆ ಬಿಡುವುದಕ್ಕೂ, ಸಂಜೆ ಗೃಹಿಣಿಯೊಡನೆ ನಾಲ್ಕನೆಯ ಬ್ಲಾಕಿನ ಅಂಗಡಿಗಳಿಗೆ ಹೋಗಿಬರುವುದಕ್ಕೂ ಒಂದೇ ಬಂಡಿ. ಆದಕಾರಣ ಈ ತಿಂಗಳ ಪುಟವನ್ನು ಆ ಸರಪಣಿಗೂ ಅದನ್ನು ಹೊತ್ತ ಎರಡು ಹಲ್ಲುಚಕ್ರಗಳಿಗೂ ಮೀಸಲಿಟ್ಟಿದ್ದೇವೆ. ಗ್ಯಾರೇಜಿನವರು ಇವನ್ನು ಚೈನು, ಸ್ಪ್ರಾಕೆಟ್ಟು ಎನ್ನುವರು. ಮೂರನ್ನೂ ಕೂಡಿಸಿ ಚೈನ್ ಸೆಟ್ಟು ಎನ್ನುವರು. ಗೇರಿಲ್ಲದ ಸ್ಕೂಟರು ಇಟ್ಟವರಿಗೆ ಈ ಚಿಂತೆಯಿಲ್ಲ; ಅದರಲ್ಲಿ ಸರಪಣಿಗೆ ಬದಲಾಗಿ ಬೆಲ್ಟು ಉಂಟು.

ಸರಪಣಿ ಕಡಿದರೆ ಬಂಡಿ ನಿಲ್ಲುವುದು, ಅಷ್ಟೇ ತಾನೆ ಎಂದು ತಿಳಿಯಬಾರದು. ಕಡಿದ ತುದಿಯು ಮುಂದಿನ ಹಲ್ಲುಚಕ್ರದ ಬಳಿ ಮುದುಡಿಕೊಂಡರೆ ಎಂಜಿನ್ನಿನ ಕವಚವನ್ನೇ ಒಡೆಯಬಹುದು. ಹಿಂದಿನ ಗಾಲಿಗೆ ಸಿಕ್ಕಿಕೊಂಡರೆ ಗಾಲಿಯು ಥಟ್ಟನೆ ಬಿಗಿದು ನಿಲ್ಲುವುದು. ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ, ಹಿಂದೆ ಬಸ್ಸು ಬರುತ್ತಿರುವಾಗ, ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ನಾವು ಬಳಸುವ ಉರುಳೆಯ ಸರಪಣಿಯನ್ನು 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಸ್ ಶಿಲ್ಪಿ ಹಾನ್ಸ್ ರೆನಾಲ್ಡನು ನಿರ್ಮಿಸಿದನು. ಪ್ರತಿಯೊಂದು ಕೊಂಡಿಯಲ್ಲಿಯೂ ಒಂದು ಮೊಳೆ, ಅದರ ಸುತ್ತ ಒಂದು ಕೊಳವೆ, ಕೊಳವೆಯ ಮೇಲೆ ತಿರುಗುವ ಉರುಳೆ. ‘ಚೈನು ಹಿಗ್ಗಿದೆ’ ಎಂದು ಜನರು ಹೇಳುವುದುಂಟು. ನಿಜವಾಗಿ ಉಕ್ಕಿನ ಪಟ್ಟಿ ಹಿಗ್ಗುವುದಿಲ್ಲ. ಮೊಳೆಯೂ ಕೊಳವೆಯೂ ಒಂದನ್ನೊಂದು ತೇಯುತ್ತವೆ. ಒಂದು ಕೊಂಡಿಯಲ್ಲಿ ಕೂದಲಿನಷ್ಟು ಸವೆದರೆ, ನೂರಕ್ಕೂ ಮೇಲ್ಪಟ್ಟ ಕೊಂಡಿಗಳಲ್ಲಿ ಅದು ಬೆರಳಿನ ಅಗಲದಷ್ಟು ಉದ್ದವಾಗಿ ತೋರುವುದು. ಉದ್ದವಾದ ಸರಪಣಿಯು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಏರುತ್ತದೆ; ಹಲ್ಲು ಒಂದು ಕಡೆಗೆ ಬಾಗಿ ಕೊಕ್ಕೆಯಂತಾಗುತ್ತದೆ.

ಪರೀಕ್ಷೆ ಸುಲಭ. ಹಿಂದಿನ ಹಲ್ಲುಚಕ್ರದ ಹಿಂಬದಿಯಲ್ಲಿ ಸರಪಣಿಯನ್ನು ಬೆರಳಿನಿಂದ ಎಳೆದು ನೋಡಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದುಬಂದರೆ ಅದರ ಆಯುಸ್ಸು ತೀರಿತು. ಅಳತೆಯೇ ಬೇಕೆಂಬವರು ಸಣ್ಣ ಬಂಡಿಗಳ 428 ನಮೂನೆಯ ಸರಪಣಿಯಲ್ಲಿ 20 ಕೊಂಡಿಗಳನ್ನು ಬಿಗಿಯಾಗಿ ಎಳೆದು, ಮೊಳೆಯಿಂದ ಮೊಳೆಗೆ ಅಳೆಯಲಿ. ಹೊಸತರಲ್ಲಿ ಅದು 254 ಮಿಲಿಮೀಟರು; 257ನ್ನು ದಾಟಿದರೆ ಹೊಸದನ್ನು ಕೊಳ್ಳುವ ಕಾಲ ಬಂದಿತೆಂದೇ ನಮ್ಮ ಮತ. ಆ 428ರಲ್ಲಿ ಮೊದಲ ಅಂಕಿ 4 ಎಂದರೆ ಮೊಳೆಯಿಂದ ಮೊಳೆಗೆ ಇಂಚಿನ ಎಂಟನೆಯ ನಾಲ್ಕು ಭಾಗ, ಅಂದರೆ ಅರ್ಧ ಇಂಚು. ದೊಡ್ಡ ಬಂಡಿಗಳ 520ರಲ್ಲಿ ಎಂಟನೆಯ ಐದು ಭಾಗ.

ಇಲ್ಲಿಯೇ ಗೃಹಸ್ಥನ ಮಿತವ್ಯಯವು ದಾರಿ ತಪ್ಪುವುದು. ‘ಚೈನೊಂದನ್ನೇ ಹಾಕಿರಪ್ಪ, ಸ್ಪ್ರಾಕೆಟ್ಟು ಇನ್ನೂ ಗಟ್ಟಿಯಾಗಿದೆ’ ಎನ್ನುವನು. ಕೊಕ್ಕೆಯಾದ ಹಲ್ಲಿನ ಮೇಲೆ ಹೊಸ ಸರಪಣಿಯನ್ನು ಓಡಿಸಿದರೆ ಅದು ಅಕಾಲದಲ್ಲಿಯೇ ಸವೆಯುವುದು. ಹಳೆಯ ಸರಪಣಿಯು ಹೊಸ ಹಲ್ಲನ್ನು ಹಾಗೆಯೇ ಕೆಡಿಸುವುದು. ಹಿಂದಿನ ಚಕ್ರಕ್ಕೆ 42 ಹಲ್ಲು, ಮುಂದಿನದಕ್ಕೆ 14 ಇದ್ದರೆ, ಮುಂದಿನ ಒಂದೊಂದು ಹಲ್ಲಿಗೂ ಮೂರು ಪಾಲು ದುಡಿಮೆ. ಕವಚದೊಳಗೆ ಅಡಗಿರುವ ಆ ಚಿಕ್ಕ ಚಕ್ರವನ್ನು ಕೇಳುವವರಿಲ್ಲ. ಮೂರನ್ನೂ ಒಟ್ಟಿಗೆ ಬದಲಿಸತಕ್ಕದ್ದು. ಪುರಭವನದಿಂದ ತೆಂಕಣಕ್ಕೆ ಹೋಗುವ ಜಯಚಾಮರಾಜೇಂದ್ರ ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸೆಟ್ಟು ದೊರೆಯುವುದು. ಬಂಡಿಯ ಹೆಸರು, ವರ್ಷ, ಹಲ್ಲಿನ ಸಂಖ್ಯೆ, ಕೊಂಡಿಯ ಸಂಖ್ಯೆ ಇವನ್ನು ಬರೆದುಕೊಂಡು ಹೋಗಿರಿ. ಬೆಲೆ ತೀರ ಅಗ್ಗವಾಗಿದ್ದು ಡಬ್ಬದ ಮೇಲಿನ ಅಚ್ಚು ಮಸುಕಾಗಿದ್ದರೆ ಮುಂದಿನ ಅಂಗಡಿಗೆ ನಡೆಯುವುದು ಲೇಸು.

ಕೆಲಸವನ್ನು ಮೇಸ್ತ್ರಿಗೆ ಒಪ್ಪಿಸಿದರೂ ಪಕ್ಕದಲ್ಲಿ ನಿಂತು ನೋಡುವುದು ಒಳ್ಳೆಯದು. ಹಳೆಯ ಸರಪಣಿ ಇನ್ನೂ ಇರುವಾಗಲೇ, ಹಿಂದಿನ ಬ್ರೇಕನ್ನು ಒತ್ತಿಹಿಡಿದು, ಮುಂದಿನ ಚಕ್ರದ ನಟ್ಟನ್ನು ಸಡಿಲಿಸಬೇಕು. ಸರಪಣಿ ತೆಗೆದ ಮೇಲೆ ಅದು ಸುತ್ತುವುದೇ ಹೊರತು ಬಿಚ್ಚಿಕೊಳ್ಳದು. ಗಾಲಿ ಕಳಚಿದಾಗ ಹಬ್ಬಿನ ರಬ್ಬರುಗಳನ್ನೂ ನೋಡಿಸಿರಿ. ಹೊಸ ಸರಪಣಿಯನ್ನು ಕೂಡಿಸುವ ಕೊಂಡಿಗೆ ಚೈನ್ ಲಾಕ್ ಎಂದು ಹೆಸರು. ಅದರ ಕ್ಲಿಪ್ಪು ಮೀನಿನ ಆಕಾರದ್ದು: ಮುಚ್ಚಿದ ತಲೆಯು ಸರಪಣಿ ಓಡುವ ದಿಕ್ಕಿಗೆ, ಸೀಳಿದ ಬಾಲವು ಹಿಂದಕ್ಕೆ ಇರಬೇಕು. ತಿರುವುಮುರುವಾಗಿ ಹಾಕಿದರೆ ಓಡುವಾಗ ಏನಾದರೂ ತಗುಲಿ ಕ್ಲಿಪ್ಪು ಕಳಚಿಹೋಗುವ ಭಯವುಂಟು.

ಬಿಗಿತವು ಸಾಮಾನ್ಯವಾಗಿ ನಡುವೆ 25ರಿಂದ 30 ಮಿಲಿಮೀಟರು ಮೇಲೆ ಕೆಳಗೆ ಆಡುವಷ್ಟು. ನಿಮ್ಮ ಬಂಡಿಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಪ್ರಮಾಣ. ಗಾಲಿಯನ್ನು ಸುತ್ತಿಸಿ, ಅತಿ ಬಿಗಿಯಾದ ಜಾಗದಲ್ಲಿ ಅಳೆಯತಕ್ಕದ್ದು. ಬಿಗಿ ಹೆಚ್ಚಾದರೆ ಬೇರಿಂಗುಗಳು ಹಾಳು. ಎರಡು ಬದಿಯ ಗುರುತುಗಳೂ ಸಮನಾಗಿರಲಿ.

ಮಳೆಗಾಲದ ಕೆಸರು, ಅಗೆದ ರಸ್ತೆಯ ಮಣ್ಣು ಇವೇ ಸರಪಣಿಗೆ ಅರಗಲ್ಲು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಬಂಡಿಯಲ್ಲಿ ಸರಪಣಿಯು ಪೂರ್ತಿಯಾಗಿ ಕವಚದೊಳಗೆ ಓಡುತ್ತಿತ್ತು, ಧೂಳಿಗೆ ಪ್ರವೇಶವಿಲ್ಲ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಚೆಲುವಿಗಾಗಿ ಸರಪಣಿಯನ್ನು ಬತ್ತಲೆ ಬಿಟ್ಟ ಬಂಡಿಗಳೇ ಹಲವು. ಅಂತಹವಕ್ಕೆ ಐನೂರು ಕಿಲೋಮೀಟರಿಗೊಮ್ಮೆ ಶುಚಿಯೂ ಎಣ್ಣೆಯೂ ಬೇಕು. ರಬ್ಬರಿನ ಓ-ರಿಂಗುಗಳಿರುವ ಸರಪಣಿಗೆ ಪೆಟ್ರೋಲು ತಾಗಿಸಬೇಡಿರಿ, ತಂತಿಯ ಬ್ರಷ್ಷೂ ಬೇಡ, ಸೀಮೆಎಣ್ಣೆ ಸಾಕು. ಎಂಜಿನ್ನು ನಡೆಯುತ್ತಿರುವಾಗ ಗೇರು ಹಾಕಿ, ಬಟ್ಟೆ ಹಿಡಿದು ಸರಪಣಿ ಒರೆಸುವವರನ್ನು ಕಂಡಿದ್ದೇವೆ. ಬಟ್ಟೆಯ ಹಿಂದೆಯೇ ಬೆರಳೂ ಹೋಗುವುದು. ಎಂಜಿನ್ನು ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿ, ಗಾಲಿಯನ್ನು ಕೈಯಿಂದಲೇ ಸುತ್ತಿಸಿರಿ.

ಕೆಲಸ ಮುಗಿದ ಮೇಲೆ ಬಿಚ್ಚಿದ ಸೀರೆ ಗಾರ್ಡು ಮತ್ತೆ ಏರಿತೇ ಎಂದು ನೋಡಿಕೊಳ್ಳಿರಿ. ಹಿಂದೆ ಕುಳಿತವರ ಉಡುಪು ಸಿಕ್ಕದಂತೆ ಗಾಲಿಯ ಅರ್ಧಕ್ಕೆ ಕಡಮೆಯಿಲ್ಲದ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿಯೇ ಇದೆ. ಸೆರಗು, ದುಪಟ್ಟ, ಪಂಚೆಯ ಅಂಚು ಯಾವುದನ್ನೂ ಗಾಲಿಯು ಗುರುತಿಸುವುದಿಲ್ಲ. ಹೊಸ ಸರಪಣಿಯು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಕೊಂಚ ಸಡಿಲಾಗುವುದು ಸಹಜ. ಆಗ ಒಮ್ಮೆ ಬಿಗಿಸಿರಿ. ಅದೇ ನಮೂನೆಯ ಇನ್ನೊಂದು ಚೈನ್ ಲಾಕನ್ನು ಕಾಗದದಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಂಡಿರಿ.