ಏಮಿಯ ಸಾವಿನ ಕಥೆ ಸಾಕು, ಹಾಡಿನ ಮಾತಾಡೋಣ

ಏಮಿ ವೈನ್‌ಹೌಸ್ ಎಂದರೆ ಬಹಳಷ್ಟು ಜನರಿಗೆ ಮೊದಲು ನೆನಪಾಗುವುದು ಆಕೆಯ ಸಾವು. 2011ರ ಜುಲೈ 23ರಂದು ಲಂಡನ್ನಿನ ಕ್ಯಾಮ್ಡನ್‌ನ ತನ್ನ ಮನೆಯಲ್ಲಿ, ಮಿತಿಮೀರಿದ ಕುಡಿತದಿಂದ, 27ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಆಮೇಲೆ ಆಸಿಫ್ ಕಪಾಡಿಯಾ ನಿರ್ದೇಶಿಸಿದ ಸಾಕ್ಷ್ಯಚಿತ್ರ ಬಂದು ಆಸ್ಕರ್ ಗೆದ್ದಿತು. 2024ರಲ್ಲಿ ಆಕೆಯ ಬದುಕನ್ನೇ ಆಧರಿಸಿದ ಕಥಾಚಿತ್ರವೂ ಬಂತು. ಕುಡಿತ, ಮಾದಕ ವಸ್ತು, ಹಾಳಾದ ದಾಂಪತ್ಯ, ಬೆನ್ನು ಬಿಡದ ಕ್ಯಾಮೆರಾಗಳು ಇವೆಲ್ಲ ನಮಗೆ ಬಾಯಿಪಾಠವಾಗಿವೆ. ಇದರ ಪರಿಣಾಮವಾಗಿ, 2006ರ ಅಕ್ಟೋಬರ್‌ನಲ್ಲಿ ಬಂದ ‘ಬ್ಯಾಕ್ ಟು ಬ್ಲ್ಯಾಕ್’ ಆಲ್ಬಮ್ಮನ್ನು ಜನ ಸಾವಿನ ಮುನ್ಸೂಚನೆ ಎಂಬಂತೆ ಕೇಳತೊಡಗಿದ್ದಾರೆ. ಇದು ಆಕೆಗೆ ಮಾಡುವ ಅನ್ಯಾಯ. 11 ಹಾಡುಗಳ, ಸುಮಾರು 35 ನಿಮಿಷಗಳ ಈ ಆಲ್ಬಮ್ ಹಳೆಯ ಸಂಗೀತವನ್ನು ಅರೆದು ಕುಡಿದವಳೊಬ್ಬಳು ಪೂರ್ತಿ ಎಚ್ಚರದಿಂದ ಕಟ್ಟಿದ ಕೃತಿ.

ಅದರ ಬೇರು ಇರುವುದು 1960ರ ದಶಕದ ಆರಂಭದ ಅಮೆರಿಕದಲ್ಲಿ. ಅದು ಗರ್ಲ್ ಗ್ರೂಪ್‌ಗಳ ಕಾಲ. ಮೂರೋ ನಾಲ್ಕೋ ಹುಡುಗಿಯರು, ಹೆಚ್ಚಿನವರು ಇನ್ನೂ ಹದಿಹರೆಯದವರು. ಒಬ್ಬಳು ಮುಂದೆ ನಿಂತು ಹಾಡಿದರೆ ಉಳಿದವರು ಹಿಂದಿನಿಂದ ದನಿಗೂಡಿಸುವುದು ವಾಡಿಕೆ. ಶಿರೆಲ್ಸ್, ಕ್ರಿಸ್ಟಲ್ಸ್, ರಾನೆಟ್ಸ್, ಸುಪ್ರೀಮ್ಸ್, ಶಾಂಗ್ರಿ-ಲಾಸ್ ಎಲ್ಲರೂ ಆ ಕಾಲದವರು. 1964ರಲ್ಲಿ ‘ಲೀಡರ್ ಆಫ್ ದಿ ಪ್ಯಾಕ್’ ಹಾಡಿದಾಗ ಶಾಂಗ್ರಿ-ಲಾಸ್‌ನ ಮೇರಿ ವೈಸ್‌ಗೆ 15 ವರ್ಷ. ಮೋಟಾರ್‌ಸೈಕಲ್ ಅಪಘಾತದಲ್ಲಿ ಸತ್ತ ಪ್ರೇಮಿಯ ಕಥೆ, ನಡುನಡುವೆ ಗೆಳತಿಯರ ವಿಚಾರಣೆ, ಎಂಜಿನ್ನಿನ ಗುಡುಗು. ಮೂರೇ ನಿಮಿಷದ ಬಾನುಲಿ ನಾಟಕದಂಥ ಈ ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಆದರೆ ಆ ಹುಡುಗಿಯರ ಕೈಯಲ್ಲಿದ್ದದ್ದು ಮೈಕು ಮಾತ್ರ. ಹಾಡು ಬರೆಯುವವರು ಬೇರೆ, ಧ್ವನಿಮುದ್ರಣ ಮಾಡಿಸುವವರು ಬೇರೆ, ದುಡ್ಡು ಎಣಿಸಿಕೊಳ್ಳುವವರು ಬೇರೆ. 1962ರ ‘ಹೀಸ್ ಎ ರೆಬೆಲ್’ ಹಾಡಿದ್ದು ಡಾರ್ಲೀನ್ ಲವ್. ನಿರ್ಮಾಪಕ ಫಿಲ್ ಸ್ಪೆಕ್ಟರ್ ಅದನ್ನು ಕ್ರಿಸ್ಟಲ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟ. ‘ಬಿ ಮೈ ಬೇಬಿ’ಯ ದನಿಯಾದ, ರಾನೆಟ್ಸ್‌ನ ರಾನಿ ಸ್ಪೆಕ್ಟರ್ ಆತನನ್ನೇ ಮದುವೆಯಾಗಿ, ಸ್ವಂತ ಮನೆಯಲ್ಲಿ ಸೆರೆಯಾಳಿನಂತೆ ಬದುಕಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾಳೆ. ರಾಯಲ್ಟಿಗಾಗಿ ಆಕೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು.

ಏಮಿ ಉತ್ತರ ಲಂಡನ್ನಿನ ಯಹೂದಿ ಕುಟುಂಬದ ಮಗಳು. 2003ರಲ್ಲಿ ಬಂದ ಮೊದಲ ಆಲ್ಬಮ್ ‘ಫ್ರ್ಯಾಂಕ್’ನಲ್ಲಿ ಜಾಝ್ ಮತ್ತು ಹಿಪ್‌ಹಾಪ್‌ನ ಛಾಯೆಯಿತ್ತು. ಬ್ರಿಟನ್ನಿನ ವಿಮರ್ಶಕರು ಮೆಚ್ಚಿದರು, ಅಮೆರಿಕದಲ್ಲಿ ಅದು ಆಗ ಬಿಡುಗಡೆಯೇ ಆಗಲಿಲ್ಲ. ಮುಂದಿನ ಮೂರು ವರ್ಷ ಹೊಸ ಆಲ್ಬಮ್ ಇಲ್ಲ. ಪ್ರೀತಿಸಿದವನು ಬಿಟ್ಟುಹೋದ ಆ ದಿನಗಳಲ್ಲಿ ಆಕೆ ಹಗಲಿರುಳು ಕೇಳಿದ್ದು ಗರ್ಲ್ ಗ್ರೂಪ್‌ಗಳನ್ನು, ಅದರಲ್ಲೂ ಶಾಂಗ್ರಿ-ಲಾಸ್‌ ಹಾಡುಗಳನ್ನು. ರಾನೆಟ್ಸ್ ಹುಡುಗಿಯರ ಎತ್ತರದ ತುರುಬು, ಕಣ್ಣಂಚಿನ ದಪ್ಪ ಕಾಡಿಗೆ ಅವಳಿಗೂ ಬಂತು. ಜನ ನೋಡಿದ್ದು ಆ ತುರುಬನ್ನು. ಕಿವಿಯೊಳಗೆ ಆಗಿದ್ದ ಬದಲಾವಣೆ ಅದಕ್ಕಿಂತ ದೊಡ್ಡದು.

2006ರಲ್ಲಿ ನ್ಯೂಯಾರ್ಕ್‌ನಲ್ಲಿ ನಿರ್ಮಾಪಕ ಮಾರ್ಕ್ ರಾನ್ಸನ್‌ನನ್ನು ಭೇಟಿಯಾದಾಗ ಆಕೆ ಅವನಿಗೆ ಕೇಳಿಸಿದ್ದು ಶಾಂಗ್ರಿ-ಲಾಸ್ ಹಾಡುಗಳನ್ನೇ. ಆತ ಆ ರಾತ್ರಿಯೇ ಪಿಯಾನೊದ ಒಂದು ನಡೆಯನ್ನು ಕಟ್ಟಿ, ಕೆಳಗೆ ಡ್ರಮ್ಮಿನ ಗುದ್ದು, ಟ್ಯಾಂಬೊರಿನ್ನಿನ ಝಲ್ಲು ಸೇರಿಸಿದ. ಮರುದಿನ ಏಮಿ ಕೂತು ಹೆಚ್ಚುಕಮ್ಮಿ ಒಂದು ಗಂಟೆಯಲ್ಲಿ ಮಾತು ಬರೆದು ಮುಗಿಸಿದಳು ಎಂದು ರಾನ್ಸನ್ ಹೇಳಿದ್ದಾನೆ. ಒಂದು ಕಡೆ ಪ್ರಾಸ ಕೂಡುತ್ತಿಲ್ಲ, ತಿದ್ದು ಎಂದು ಆತ ಸೂಚಿಸಿದನಂತೆ. ಆಕೆ ಒಪ್ಪಲಿಲ್ಲ. ಬಂದದ್ದು ಹಾಗೆಯೇ ಬಂದಿದೆ, ಹಾಗೆಯೇ ಇರಲಿ ಎಂಬ ನಿಲುವು. ಅದೇ ಆಲ್ಬಮ್ಮಿನ ಶೀರ್ಷಿಕೆ ಗೀತೆಯಾಯಿತು.

ಆ ಹಾಡಿನ ನಡುಭಾಗವನ್ನು ಗಮನವಿಟ್ಟು ಕೇಳಬೇಕು. ಓಡುತ್ತಿದ್ದ ತಾಳ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಗಂಟೆಯೊಂದು ಬಡಿಯುತ್ತದೆ. ಒಂದೇ ಒಂದು ಪದವನ್ನು ಏಮಿ ಮತ್ತೆ ಮತ್ತೆ ಹೇಳುತ್ತಾಳೆ, ಒಂದು ಸಲವೂ ದನಿ ಏರಿಸುವುದಿಲ್ಲ. ಅಳು ಉಕ್ಕಬೇಕಾದ ಜಾಗದಲ್ಲಿ ದನಿಯನ್ನು ತಗ್ಗಿಸಿ ಹಿಡಿಯುವುದು ನಿಜವಾದ ಗಾಯಕಿಗೆ ಮಾತ್ರ ಸಾಧ್ಯ.

ರಾನ್ಸನ್ ಮಾಡಿದ ಹಾಡುಗಳಿಗೆ ವಾದ್ಯ ನುಡಿಸಿದ್ದು ಡ್ಯಾಪ್-ಕಿಂಗ್ಸ್ ತಂಡ. ಬ್ರೂಕ್ಲಿನ್‌ನ ಬುಶ್‌ವಿಕ್‌ನಲ್ಲಿ ಮನೆಯೊಂದನ್ನೇ ಸ್ಟುಡಿಯೊ ಮಾಡಿಕೊಂಡಿದ್ದ ಡ್ಯಾಪ್‌ಟೋನ್‌ನಲ್ಲಿ, ಎಲ್ಲರೂ ಒಟ್ಟಿಗೆ ಕೂತು ನುಡಿಸಿದ್ದನ್ನು ಹಳೆಯ ಕಾಲದಂತೆ ಟೇಪಿಗೆ ಇಳಿಸಿದರು. ಒಬ್ಬರ ವಾದ್ಯದ ಸದ್ದು ಇನ್ನೊಬ್ಬರ ಮೈಕಿಗೆ ಸೋರುತ್ತದೆ. ಆ ಸೋರಿಕೆಯಿಂದಲೇ ಹಾಡಿಗೆ ಒಂದು ಮೈ ಬರುತ್ತದೆ. ಉಳಿದ ಹಾಡುಗಳನ್ನು ಸಲಾಮ್ ರೆಮಿ ನಿರ್ಮಿಸಿದ.

ಇಲ್ಲೊಂದು ಕಹಿ ಸತ್ಯವನ್ನೂ ಹೇಳಲೇಬೇಕು. ಇದೇ ಡ್ಯಾಪ್-ಕಿಂಗ್ಸ್ ಜೊತೆ ಆ ಮೊದಲಿನಿಂದ ಹಾಡುತ್ತಿದ್ದವಳು ಕಪ್ಪು ಗಾಯಕಿ ಶರಾನ್ ಜೋನ್ಸ್. 1956ರಲ್ಲಿ ಹುಟ್ಟಿದವಳು, ಹೊಟ್ಟೆಪಾಡಿಗಾಗಿ ರೈಕರ್ಸ್ ಐಲ್ಯಾಂಡ್ ಜೈಲಿನಲ್ಲಿ ಕಾವಲು ಕೆಲಸ ಮಾಡಿದವಳು. ಏಮಿಗೆ ಬಂದಷ್ಟು ಹೆಸರಾಗಲಿ ಹಣವಾಗಲಿ ಆಕೆಗೆ ಬರಲಿಲ್ಲ. ಕಪ್ಪು ಹೆಣ್ಣುಮಕ್ಕಳು ಬೆಳೆಸಿದ ಸಂಗೀತದ ಫಲವನ್ನು ಬಿಳಿ ಹುಡುಗಿ ಉಂಡಳು ಎಂಬ ಮಾತನ್ನು ಹಾಗಾಗಿ ತಳ್ಳಿಹಾಕುವಂತಿಲ್ಲ. ಆ ತಪ್ಪು ಮಾರುಕಟ್ಟೆಯದು. ಏಮಿಯಾದರೋ ತನ್ನ ಋಣವನ್ನು ಎಂದೂ ಮುಚ್ಚಿಡಲಿಲ್ಲ. ‘ಟಿಯರ್ಸ್ ಡ್ರೈ ಆನ್ ದೇರ್ ಓನ್’ ಹಾಡಿಗೆ ಮೋಟೌನ್ ಕಂಪನಿಯ 1967ರ ಗೀತೆಯೊಂದನ್ನು ಬಳಸಿಕೊಂಡಾಗ ಅದನ್ನು ಬರೆದ ಆಶ್‌ಫರ್ಡ್ ಮತ್ತು ಸಿಂಪ್ಸನ್ ಹೆಸರೂ ಆಕೆಯ ಹೆಸರಿನ ಜೊತೆಯಲ್ಲಿದೆ.

ಈ ಆಲ್ಬಮ್ಮಿನ ದೊಡ್ಡತನವನ್ನು ಹುಡುಕಬೇಕಾದದ್ದು ಬರವಣಿಗೆಯಲ್ಲಿ. ಗರ್ಲ್ ಗ್ರೂಪ್‌ಗಳ ಹಾಡಿನ ಹುಡುಗಿ ಸಾಮಾನ್ಯವಾಗಿ ಕಾಯುತ್ತಾಳೆ, ಬೇಡುತ್ತಾಳೆ, ಕ್ಷಮಿಸುತ್ತಾಳೆ. ಏಮಿಯ ಹಾಡಿನ ಹೆಣ್ಣು ತಾನೇ ಮೋಸ ಮಾಡಿದ್ದನ್ನು ಒಪ್ಪಿಕೊಳ್ಳುತ್ತಾಳೆ, ಬೈಯುತ್ತಾಳೆ, ತನ್ನ ಹಟವನ್ನು ತಾನೇ ಹೇಳಿಕೊಳ್ಳುತ್ತಾಳೆ. ಹಳೆಯ ಮಟ್ಟು ಹಾಗೇ ಇದೆ, ಲೇಖನಿ ಮಾತ್ರ ಹಾಡುವವಳ ಕೈಗೆ ಬಂದಿದೆ. ಆಲ್ಬಮ್ಮಿನ ‘ರಿಹ್ಯಾಬ್’ ಹಾಡು ಬರೆದವರ ಜಾಗದಲ್ಲಿ ಇರುವುದು ಒಂದೇ ಹೆಸರು, ಏಮಿಯದು. 2008ರ ಫೆಬ್ರವರಿಯಲ್ಲಿ ಆಕೆಗೆ ಬಂದ ಐದು ಗ್ರ್ಯಾಮಿಗಳಲ್ಲಿ ಅದೇ ಹಾಡಿಗೆ ಸಂದ ‘ವರ್ಷದ ಗೀತೆ’ ಪ್ರಶಸ್ತಿಯೂ ಇತ್ತು. ಅದು ಹಾಡು ಬರೆದವರಿಗೆ ಕೊಡುವ ಗೌರವ. ವೀಸಾ ತೊಡಕಿನಿಂದ ಅಮೆರಿಕಕ್ಕೆ ಹೋಗಲಾಗದೆ ಆಕೆ ಆ ರಾತ್ರಿ ಲಂಡನ್ನಿನಿಂದಲೇ ಉಪಗ್ರಹದ ಮೂಲಕ ಹಾಡಿದಳು. ಮರುದಿನದ ಸುದ್ದಿಯಲ್ಲಿ ವೀಸಾ ಕಥೆಗೆ ಸಿಕ್ಕ ಜಾಗ ಬರವಣಿಗೆಗೆ ಸಿಗಲಿಲ್ಲ ಎಂಬುದು ಈಗಲೂ ನೋಯಿಸುತ್ತದೆ.

ಏಮಿ ಸತ್ತ ವರ್ಷವೇ ರಾನಿ ಸ್ಪೆಕ್ಟರ್ ‘ಬ್ಯಾಕ್ ಟು ಬ್ಲ್ಯಾಕ್’ ಹಾಡನ್ನು ತಾನೇ ಹಾಡಿ ಬಿಡುಗಡೆ ಮಾಡಿದಳು. ಯಾರನ್ನು ನೋಡಿ ಏಮಿ ತುರುಬು ಕಟ್ಟಿದ್ದಳೋ ಆಕೆಯೇ ಏಮಿ ಬರೆದ ಮಾತುಗಳನ್ನು ಹಾಡಿದ್ದು ಯಾವ ಪ್ರಶಸ್ತಿಗಿಂತಲೂ ಕಡಿಮೆಯದಲ್ಲ.

ಇನ್ನೂ ಕೇಳದವರು ದಯವಿಟ್ಟು ಸಾಕ್ಷ್ಯಚಿತ್ರದಿಂದ ಶುರು ಮಾಡಬೇಡಿ. ಮೊದಲು ಶಾಂಗ್ರಿ-ಲಾಸ್‌ನ ‘ರಿಮೆಂಬರ್’ ಕೇಳಿ, ಆಮೇಲೆ ‘ಬಿ ಮೈ ಬೇಬಿ’, ಅದಾದ ಮೇಲೆ ಏಮಿಯ ಶೀರ್ಷಿಕೆ ಗೀತೆ. ಮೂರೂ ಸೇರಿ ಹತ್ತು ನಿಮಿಷವೂ ಆಗುವುದಿಲ್ಲ.